ಹುಣ್ಣು ಮಾಯ್ದ ಮೇಲೂ ಮುದ್ದೆ ಮುಟ್ಟದವರು

ಕೆಲವು ತಿಂಗಳ ಹಿಂದೆ ರೈತರೊಬ್ಬರು ಕೆಮ್ಮಿಗೆ ಔಷಧಿ ಕೇಳಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರ ನಮ್ಮದು. ಬರುವವರಲ್ಲಿ ಹೆಚ್ಚಿನವರು ಹೊಲಗದ್ದೆಯವರೇ. ಇವರ ವಯಸ್ಸು 58. ಜೊತೆಯಲ್ಲಿ ಪತ್ನಿ. ಕೆಮ್ಮು ದೊಡ್ಡದೇನಲ್ಲ, ಬೀಡಿಯದು. ಆದರೆ ಎತ್ತರದ ಆಳು, ತೂಕ ನೋಡಿದರೆ 46 ಕಿಲೋ! “ಊಟ ಹೇಗಿದೆ ಗೌಡ್ರೇ?” ಎಂದೆ. ಅವರು ಸುಮ್ಮನೆ ನೆಲ ನೋಡಿದರು. ಉತ್ತರ ಬಂದದ್ದು ಪತ್ನಿಯಿಂದ. “ಇವ್ರದ್ದು ಎಲ್ಲಿ ಊಟ ಸಾರ್? ಹತ್ತು ವರ್ಷದಿಂದ ಹಾಲು ಬ್ರೆಡ್ಡು, ಇಲ್ಲಾ ಗಂಜಿ. ಇಡ್ಲಿ ಮಾಡಿದ್ರೆ ಸಕ್ಕರೆ ಹಾಕ್ಕೊಂಡು ತಿಂತಾರೆ. ಮುದ್ದೆ ಮುಟ್ಟಲ್ಲ, ಸಾರು ಮುಟ್ಟಲ್ಲ. ಅಲ್ಸರ್ ಅಲ್ವಾ?”

ಅವರು ತೆಗೆದುಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಕಾಗದಗಳೆಲ್ಲ ಮಡಿಕೆ ಬಿದ್ದು ಹರಿಯುವಂತಾಗಿದ್ದವು. 2014ರಲ್ಲಿ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಿದೆ ಎಂದು ಬರೆದಿದ್ದರು. ಎರಡು ವಾರದ ಔಷಧಿ ಕೊಟ್ಟಿದ್ದರು. ಮೂರು ತಿಂಗಳ ನಂತರ ಮತ್ತೆ ನೋಡಿ, ಹುಣ್ಣು ಪೂರ್ತಿ ಮಾಯ್ದಿದೆ ಎಂದೂ ಬರೆದಿದ್ದರು. ಅದರ ಜೊತೆಗೆ ಒಂದು ಅಚ್ಚಾದ ಪಥ್ಯದ ಚೀಟಿ. ಖಾರ, ಹುಳಿ, ಮಸಾಲೆ, ಎಣ್ಣೆ ಪದಾರ್ಥ, ಉಪ್ಪಿನಕಾಯಿ, ಕಾಫಿ, ಟೀ, ಮಾಂಸ, ಗಟ್ಟಿ ಆಹಾರ, ಇಷ್ಟೂ ವರ್ಜ್ಯ. ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ, ‘ಧೂಮಪಾನ ಬಿಡುವುದು ಒಳ್ಳೆಯದು’. ಈ ಚೀಟಿಯಲ್ಲಿದ್ದುದನ್ನೆಲ್ಲ ಅವರು ಹತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದ್ದಾರೆ, ಕೊನೆಯ ಸಾಲೊಂದನ್ನು ಬಿಟ್ಟು.

ಮಗಳ ಮದುವೆಯ ಬೀಗರೂಟದಲ್ಲಿ ಇವರು ಎಲೆಯ ಮುಂದೆ ಕೂರಲಿಲ್ಲವಂತೆ. ಹುಡುಗನ ಕಡೆಯವರು ಅದನ್ನು ಅವಮಾನವೆಂದು ತಿಳಿದು ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಮನೆಯಲ್ಲಿ ಎರಡು ಅಡಿಗೆ. ಸೊಸೆ ಬಂದ ಮೇಲೆ ಅದಕ್ಕೂ ಒಂದಿಷ್ಟು ಮಾತುಕತೆ. ಇವಿಷ್ಟನ್ನೂ ಹೇಳುವಾಗ ಆ ತಾಯಿ ಅಳಲಿಲ್ಲ, ದೂರಲೂ ಇಲ್ಲ. ಮಳೆ ಬರಲಿಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದರು.

“ಈ ಪಥ್ಯ ಎಲ್ಲಿವರೆಗೆ ಅಂತ ಹೇಳಿದ್ರು?” ಎಂದು ಕೇಳಿದೆ. ಗೌಡರು ಆಗ ಬಾಯಿ ತೆರೆದರು. “ಎಲ್ಲಿವರೆಗೆ ಅಂತ ಯಾರೂ ಹೇಳ್ಲಿಲ್ಲ ಸಾರ್. ನಾನೂ ಕೇಳ್ಲಿಲ್ಲ.”

ಈ ವಾರದ ಅಂಕಣ ಬರೆಯಲು ಕಾರಣ ಆ ಮಾತು. ಜಠರದ ಹುಣ್ಣನ್ನು ವಾಸಿ ಮಾಡುವುದನ್ನು ನಾವು ವೈದ್ಯರು ಚೆನ್ನಾಗಿಯೇ ಕಲಿತಿದ್ದೇವೆ. ಆದರೆ ವಾಸಿಯಾದವರಿಗೆ “ಇನ್ನು ನೀವು ರೋಗಿಯಲ್ಲ, ಹೋಗಿ ಊಟ ಮಾಡಿ” ಎಂದು ಹೇಳುವುದನ್ನು ಮರೆಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಇದು ಸಣ್ಣ ಮರೆವಲ್ಲ. ಅರ್ಧ ಚಿಕಿತ್ಸೆಯನ್ನೇ ಬಿಟ್ಟಂತೆ.

ಹುಣ್ಣು ಎಂದರೆ ಏನು?

ನಮ್ಮ ಜಠರದಲ್ಲಿ ಆಹಾರವನ್ನು ಜೀರ್ಣಿಸಲು ತೀಕ್ಷ್ಣವಾದ ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಎಂಬ ರಸ ಉತ್ಪತ್ತಿಯಾಗುತ್ತವೆ. ಇವು ಜಠರದ ಗೋಡೆಯನ್ನೇ ಸುಡದಂತೆ ಒಳಗೆಲ್ಲ ಒಂದು ಲೋಳೆಯ ಪದರ ಕಾಪಾಡುತ್ತದೆ. ಈ ರಕ್ಷಣೆ ಎಲ್ಲಾದರೂ ಕುಂದಿದರೆ ಆಮ್ಲ ಗೋಡೆಯನ್ನು ಕೊರೆದು ಗುಳಿ ಮಾಡುತ್ತದೆ. ಅದೇ ಪೆಪ್ಟಿಕ್ ಅಲ್ಸರ್. ಜಠರದಲ್ಲೂ ಆಗಬಹುದು, ಜಠರ ಮುಗಿದು ಸಣ್ಣ ಕರುಳು ಆರಂಭವಾಗುವ ಡುಯೋಡಿನಮ್‌ನಲ್ಲೂ ಆಗಬಹುದು. ನಮ್ಮ ಕಡೆ ಹೆಚ್ಚಾಗಿ ಕಂಡುಬಂದಿರುವುದು ಎರಡನೆಯದು. ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ ಉರಿ ಅಥವಾ ಕೊರೆಯುವ ನೋವು, ಹಸಿದಾಗ ಹೆಚ್ಚು, ಏನಾದರೂ ತಿಂದರೆ ಕಡಿಮೆ. ರಾತ್ರಿ ಒಂದೆರಡು ಗಂಟೆಯ ಹೊತ್ತಿಗೆ ನೋವು ಎಬ್ಬಿಸುವುದು ಈ ಹುಣ್ಣಿನ ಹಳೆಯ ಚಾಳಿ.

ಇದಕ್ಕೆ ಕಾರಣವೇನು ಎಂಬುದರಲ್ಲಿ ವೈದ್ಯಶಾಸ್ತ್ರ ಬಹಳ ಕಾಲ ದಾರಿ ತಪ್ಪಿತ್ತು. ‘ಹರಿ, ವರಿ, ಕರಿ’ ಎಂದು ನಮ್ಮ ಪ್ರಾಧ್ಯಾಪಕರು ತಮಾಷೆಗೆ ಹೇಳುತ್ತಿದ್ದರು. ಆತುರ, ಚಿಂತೆ, ಮಸಾಲೆ, ಇವೇ ಹುಣ್ಣಿನ ಮೂಲ ಎಂಬ ನಂಬಿಕೆ. ಷಿಕಾಗೋದ ಬರ್ಟ್ರಾಮ್ ಸಿಪ್ಪಿ ಎಂಬ ವೈದ್ಯರು 1915ರಲ್ಲಿ ಗಂಟೆಗೊಮ್ಮೆ ಹಾಲು ಮತ್ತು ಕೆನೆ ಕುಡಿಸುವ ಪಥ್ಯ ಹೇಳಿಕೊಟ್ಟರು. ಜಗತ್ತೆಲ್ಲ ಅದನ್ನು ದಶಕಗಳ ಕಾಲ ಅನುಸರಿಸಿತು. ಗೌಡರ ಹಾಲು ಬ್ರೆಡ್ಡಿನ ಮೂಲಪುರುಷ ಅವರೇ ಎನ್ನಬಹುದು.

ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನೆಲ್ಲ ತಲೆಕೆಳಗು ಮಾಡಿದರು. ರೋಗಿಗಳ ಜಠರದ ಲೋಳೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ವಾರನ್ ಕಂಡರು. 1982ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾಯಿತು. ಅಷ್ಟು ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ಹಿರಿಯರು ನಕ್ಕರು. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯ ತುಂಬಿದ ದ್ರಾವಣವನ್ನು ತಾವೇ ಕುಡಿದು, ವಾಂತಿ ಮಾಡಿಕೊಂಡು, ತಮ್ಮ ಜಠರವೇ ಉರಿಯೂತದಿಂದ ಕೆಂಪಾದುದನ್ನು ಎಂಡೋಸ್ಕೋಪಿಯಲ್ಲಿ ತೋರಿಸಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬುದು ಆ ಬ್ಯಾಕ್ಟೀರಿಯದ ಈಗಿನ ಹೆಸರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇಂದು ನಮಗೆ ತಿಳಿದಿರುವುದು ಇಷ್ಟು. ಹೆಚ್ಚಿನ ಹುಣ್ಣುಗಳಿಗೆ ಕಾರಣ ಒಂದೋ ಈ ಪೈಲೋರಿ, ಇಲ್ಲವೇ ಆಸ್ಪಿರಿನ್, ಡೈಕ್ಲೋಫೆನ್ಯಾಕ್‌ನಂಥ ನೋವಿನ ಮಾತ್ರೆ. ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನಷ್ಟೇ ಕೊಟ್ಟು ನಿಲ್ಲಿಸಿದರೆ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಣ್ಣು ಮರಳುತ್ತಿತ್ತು. ಪೈಲೋರಿಯನ್ನು ನಿರ್ಮೂಲ ಮಾಡಿದರೆ ಮರಳುವವರು ನೂರಕ್ಕೆ ಕೆಲವರು ಮಾತ್ರ. ಹುಣ್ಣು ಜೀವನಪರ್ಯಂತದ ಕಾಯಿಲೆ ಎಂಬ ಮಾತು ಅಲ್ಲಿಗೆ ಮುಗಿಯಬೇಕಿತ್ತು.

ದೊಡ್ಡಪ್ಪನ ಹೊಟ್ಟೆಯ ಗೆರೆ

ಈ ಸಂಗತಿ ತಿಳಿಯುವ ಮೊದಲು ಹುಣ್ಣಾದವರ ಗತಿ ಏನಾಗುತ್ತಿತ್ತು ಎಂಬುದಕ್ಕೆ ನಾನು ದೂರ ಹೋಗಬೇಕಿಲ್ಲ. ನಮ್ಮ ದೊಡ್ಡಪ್ಪನಿಗೆ 1979ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷ, ಹೊಟ್ಟೆಯ ಆಪರೇಷನ್ ಆಯಿತು. ಆಮ್ಲ ಸುರಿಸುವಂತೆ ಜಠರಕ್ಕೆ ಪ್ರಚೋದನೆ ಕೊಡುವ ವೇಗಸ್ ನರವನ್ನು ಕತ್ತರಿಸಿ, ಜಠರಕ್ಕೂ ಸಣ್ಣ ಕರುಳಿಗೂ ಹೊಸ ದಾರಿ ಮಾಡುವ ಶಸ್ತ್ರಕ್ರಿಯೆ ಅದು. ವೇಗಸ್ ನರ ಕತ್ತರಿಸುವ ಕ್ರಮವನ್ನು ಷಿಕಾಗೋದ ಡ್ರ್ಯಾಗ್‌ಸ್ಟೆಡ್ 1943ರಲ್ಲಿ ಬಳಕೆಗೆ ತಂದ ಮೇಲೆ ಅದು ಎಲ್ಲ ಕಡೆ ಹರಡಿತ್ತು. ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಎಪ್ಪತ್ತು ದಾಟಿದವರ ಅಂಗಿ ಬಿಚ್ಚಿಸಿದರೆ ಎದೆಗೂಡಿನಿಂದ ಹೊಕ್ಕುಳಿನವರೆಗೆ ಇಳಿದ ಆ ಗೆರೆ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ.

ದೊಡ್ಡಪ್ಪನ ನೋವು ಹೋಯಿತು. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಗುಣವಾದವರು. ಆದರೆ ನನಗೆ ನೆನಪಿರುವ ದೊಡ್ಡಪ್ಪ ಹಬ್ಬದ ದಿನ ಪಾಯಸ ಉಂಡು ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವತು, ಎದೆ ಡವಡವ ಎನ್ನುತ್ತಿದೆ ಎಂದು ಜಗಲಿಯ ಮೇಲೆ ಬಿದ್ದುಕೊಳ್ಳುತ್ತಿದ್ದವರು. ಹೊಟ್ಟೆ ಗುಡುಗುಡು ಎಂದು ಹಿತ್ತಲಿಗೆ ಓಡುತ್ತಿದ್ದವರು. ಮನೆಯವರು ದೃಷ್ಟಿ ಎಂದರು. ನಿವಾಳಿಸಿದರು, ತಾಯತ ಕಟ್ಟಿಸಿದರು. ನೆಂಟರ ಮನೆಗೆ ಹೋಗುವುದನ್ನು ಅವರು ಪೂರ್ತಿ ಬಿಟ್ಟರು. ಊಟವಾದ ಮೇಲೆ ಬಸ್ಸು ಹತ್ತಲು ಹೆದರುತ್ತಿದ್ದರು. ಹೀಗೆ ಇಪ್ಪತ್ತೊಂದು ವರ್ಷ.

ನಾನು ವೈದ್ಯಕೀಯ ಓದುತ್ತಿದ್ದಾಗ ಒಂದು ರಾತ್ರಿ ಶಸ್ತ್ರಕ್ರಿಯೆಯ ಪಠ್ಯಪುಸ್ತಕದಲ್ಲಿ ‘ಡಂಪಿಂಗ್ ಸಿಂಡ್ರೋಮ್’ ಎಂಬ ಭಾಗ ಬಂತು. ಜಠರದ ಬಾಗಿಲು ಕಾಯುವ ವ್ಯವಸ್ಥೆ ಶಸ್ತ್ರಕ್ರಿಯೆಯಿಂದ ಕೆಟ್ಟರೆ, ತಿಂದದ್ದು, ಅದರಲ್ಲೂ ಸಿಹಿ ಮತ್ತು ದ್ರವ, ಒಮ್ಮೆಲೇ ಕರುಳಿಗೆ ಸುರಿಯುತ್ತದೆ. ಕರುಳು ಅದನ್ನು ತಿಳಿಯಾಗಿಸಲು ರಕ್ತದಿಂದ ನೀರು ಎಳೆದುಕೊಳ್ಳುತ್ತದೆ. ಬೆವರು, ಎದೆಬಡಿತ, ತಲೆಸುತ್ತು, ಭೇದಿ. ಓದುತ್ತಾ ಓದುತ್ತಾ ನನ್ನ ಕಣ್ಣಮುಂದೆ ನಮ್ಮ ಜಗಲಿ ಬಂದು ನಿಂತಿತು. ಮುಂದಿನ ರಜೆಯಲ್ಲಿ ಊರಿಗೆ ಹೋದವನೇ ಅವರಿಗೆ ಹೇಳಿದೆ: ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ತಿನ್ನಿ, ಊಟದ ಜೊತೆ ನೀರು, ಮಜ್ಜಿಗೆ ಬೇಡ, ಅರ್ಧ ಗಂಟೆ ಕಳೆದು ಕುಡಿಯಿರಿ, ಸಿಹಿ ಬಿಡಿ, ಉಂಡ ಮೇಲೆ ಸ್ವಲ್ಪ ಹೊತ್ತು ಮಲಗಿ. ಒಂದು ತಿಂಗಳಲ್ಲಿ ಅರ್ಧದಷ್ಟು ಕಡಿಮೆಯಾಯಿತು. “ಇಷ್ಟೇನೇನೋ! ಇದನ್ನ ಆವತ್ತೇ ಯಾರಾದ್ರೂ ಹೇಳಿದ್ರೆ ಆಗ್ತಿರ್ಲಿಲ್ವೇನೋ?” ಎಂದರು. ಅವರಿಗೆ ಆಪರೇಷನ್ ಮಾಡಿದವರು ಪ್ರಾಮಾಣಿಕರು, ಕೈಗುಣ ಉಳ್ಳವರು ಎಂದು ಊರೆಲ್ಲ ಹೇಳುತ್ತಿತ್ತು. ಬಿಡಿಸಿಕೊಂಡು ಹೋಗುವ ದಿನ ಹತ್ತು ನಿಮಿಷ ಕೂತು ಮಾತಾಡಲಿಲ್ಲ, ಅಷ್ಟೇ.

ಅಂಥ ಶಸ್ತ್ರಕ್ರಿಯೆಯಾದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಇನ್ನೊಂದು ಮಾತು. ಜಠರದ ಕೆಲಸ ಕುಗ್ಗಿದವರಲ್ಲಿ ಕಬ್ಬಿಣಾಂಶ ಮತ್ತು ಬಿ12 ಜೀವಸತ್ವ ಸರಿಯಾಗಿ ಹೀರಲ್ಪಡುವುದಿಲ್ಲ. ಜಠರದ ಭಾಗವನ್ನೇ ತೆಗೆದಿದ್ದರಂತೂ ಇದು ಹೆಚ್ಚು. ನಿಶ್ಶಕ್ತಿ, ಕಾಲು ಜೋಮು, ಮರೆವು ಎಂದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಿ.

ಮೆಣಸಿನಕಾಯಿಯ ಮೇಲಿನ ಆಪಾದನೆ

ಮತ್ತೆ ನಮ್ಮ ಗೌಡರ ಪಥ್ಯಕ್ಕೆ ಬರೋಣ. ಖಾರ ತಿಂದರೆ ಹುಣ್ಣು ಮಾಯುವುದಿಲ್ಲವೇ? ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ದೆಹಲಿಯ ವೈದ್ಯರು ಡುಯೋಡಿನಮ್ ಹುಣ್ಣಿದ್ದ 50 ಮಂದಿಯನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಹುಣ್ಣಿನ ಔಷಧಿ ಕೊಟ್ಟು, ಒಂದು ಗುಂಪಿಗೆ ಮಾತ್ರ ಊಟದ ಜೊತೆ ದಿನಕ್ಕೆ 3 ಗ್ರಾಂ ಕೆಂಪು ಮೆಣಸಿನ ಪುಡಿ ಕೊಟ್ಟರು. ಎರಡೂ ಗುಂಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಯ ಹುಣ್ಣು ಮಾಯ್ದಿತ್ತು. 1984ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಎರಡು ವರ್ಷದ ನಂತರ ಅದೇ ಪತ್ರಿಕೆಯಲ್ಲಿ ಹಾಲಿನ ಸರದಿ. ಔಷಧಿಯ ಜೊತೆ ಬರೀ ಹಾಲಿನ ಪಥ್ಯದಲ್ಲಿದ್ದವರ ಹುಣ್ಣು ಮಾಮೂಲಿ ಊಟ ಮಾಡುತ್ತಿದ್ದವರ ಹುಣ್ಣಿಗಿಂತ ಕಡಿಮೆ ಪ್ರಮಾಣದಲ್ಲಿ ಮಾಯ್ದಿತ್ತು! ಹಾಲು ಕುಡಿದ ಕ್ಷಣಕ್ಕೆ ತಂಪೆನಿಸುವುದು ನಿಜ. ಆದರೆ ಅದರಲ್ಲಿರುವ ಪ್ರೋಟೀನು ಮತ್ತು ಕ್ಯಾಲ್ಸಿಯಂ ಜಠರವನ್ನು ಪ್ರಚೋದಿಸಿ ಇನ್ನಷ್ಟು ಆಮ್ಲ ಸುರಿಸುವಂತೆ ಮಾಡುತ್ತವೆ.

ಅಂದರೆ ಗೌಡರು ಬಿಟ್ಟ ಸಾರಿನಿಂದ ಅವರ ಹುಣ್ಣಿಗೆ ತೊಂದರೆಯಿರಲಿಲ್ಲ, ಹಿಡಿದ ಹಾಲಿನಿಂದ ಲಾಭವಿರಲಿಲ್ಲ. ಬಿಡದ ಬೀಡಿ ಮಾತ್ರ ಹುಣ್ಣು ಮಾಯುವುದನ್ನು ನಿಧಾನ ಮಾಡುವಂಥದು ಎಂಬುದಕ್ಕೆ ಬೇಕಾದಷ್ಟು ಪುರಾವೆ ಇದೆ.

ಊಟಕ್ಕೂ ಹುಣ್ಣಿಗೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಕಡೆ, ಕಳೆದ ಶತಮಾನದ ಐವತ್ತು ಅರವತ್ತರ ದಶಕಗಳಲ್ಲಿ ಫ್ರ್ಯಾಂಕ್ ಟವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರಿದ್ದರು. ಇಷ್ಟೊಂದು ಹುಣ್ಣಿನ ರೋಗಿಗಳು ಇಲ್ಲೇಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಭಾರತದ ಬೇರೆ ಬೇರೆ ಭಾಗಗಳ ಮಾಹಿತಿ ಕಲೆಹಾಕಿ 1979ರಲ್ಲಿ ಪ್ರಕಟಿಸಿದರು. ಅಕ್ಕಿ ಉಣ್ಣುವ ದಕ್ಷಿಣ ಮತ್ತು ಪೂರ್ವದಲ್ಲಿ ಡುಯೋಡಿನಮ್ ಹುಣ್ಣು ಹೆಚ್ಚು, ಗೋಧಿ ತಿನ್ನುವ ಪಂಜಾಬಿನಂಥ ಕಡೆ ಕಡಿಮೆ ಎಂಬುದು ಅವರಿಗೆ ಕಂಡಿತು. ಪಾಲಿಶ್ ಮಾಡದ ಧಾನ್ಯ, ಕೆಲವು ಕಿರುಧಾನ್ಯ ಮತ್ತು ಕಾಳುಗಳಲ್ಲಿ ರಕ್ಷಿಸುವ ಗುಣ ಇರಬಹುದೆಂಬುದು ಅವರ ಊಹೆ. ಇದನ್ನು ಓದಿ ಯಾರೂ ಅನ್ನ ಬಿಡಬೇಕಾಗಿಲ್ಲ. ಆದರೆ ಮೈಸೂರು ಸೀಮೆಯಲ್ಲೇ ದುಡಿದು ಹುಣ್ಣಿಗೂ ಊಟಕ್ಕೂ ಇರುವ ನಂಟನ್ನು ಹುಡುಕಿದ ವೈದ್ಯರೊಬ್ಬರು ರಕ್ಷಣೆಯನ್ನು ಅರಸಿದ್ದು ಧಾನ್ಯ ಕಾಳುಗಳಲ್ಲಿ. ಅಚ್ಚಾದ ಚೀಟಿ ಮಾತ್ರ ‘ಗಟ್ಟಿ ಆಹಾರ ವರ್ಜ್ಯ’ ಎಂದು ಮುದ್ದೆಯನ್ನೇ ಮನೆಯಿಂದ ಹೊರಗಟ್ಟಿತು. ಮುದ್ದೆ ತಿಂದು ಹುಣ್ಣಾದವರನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಏನು ತಿನ್ನಬೇಕು? ನಿಮಗೆ ಒಗ್ಗುವುದನ್ನು ತಿನ್ನಿ. ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ನಿಮಗೇ ಉರಿ ಬರುತ್ತಿದ್ದರೆ ಅದೊಂದನ್ನು ಬಿಡಿ. ಪಕ್ಕದ ಮನೆಯವರಿಗೆ ಬರುತ್ತದೆಂದು ನೀವು ಬಿಡಬೇಕಾಗಿಲ್ಲ.

ಅಳೆಯದೆ ಉಳಿದದ್ದು

‘ಜೀವನದ ಗುಣಮಟ್ಟ’ ಎಂಬ ಮಾತನ್ನು ಈಗ ವೈದ್ಯಕೀಯ ಸಂಶೋಧಕರು ಬಹಳ ಬಳಸುತ್ತಾರೆ. ಕಾಯಿಲೆ ಎಷ್ಟು ಗುಣವಾಯಿತು ಎಂಬುದರ ಜೊತೆಗೆ, ಆ ವ್ಯಕ್ತಿ ನಿದ್ದೆ ಮಾಡುತ್ತಾನೆಯೇ, ದುಡಿಯುತ್ತಾನೆಯೇ, ನಾಲ್ಕು ಜನರ ಜೊತೆ ಬೆರೆಯುತ್ತಾನೆಯೇ, ಅವನಿಗೆ ಹೆದರಿಕೆ ಇದೆಯೇ ಎಂದೆಲ್ಲ ಕೇಳಿ ಅಂಕ ಹಾಕುವ ಪ್ರಶ್ನಾವಳಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಸಿದ್ಧಪಡಿಸಿದ ಪ್ರಶ್ನಾವಳಿಯಲ್ಲಿ 100 ಪ್ರಶ್ನೆಗಳಿದ್ದವು. ಅದರ ಚಿಕ್ಕ ರೂಪದಲ್ಲಿ 26. ಆ ಕೆಲಸದಲ್ಲಿ ನಮ್ಮ ದೆಹಲಿ ಮತ್ತು ಮದ್ರಾಸಿನ ಕೇಂದ್ರಗಳೂ ಭಾಗವಹಿಸಿದ್ದವು. ಹುಣ್ಣಿನ ರೋಗಿಗಳನ್ನು ಹೀಗೆ ವಿಚಾರಿಸಿದಾಗ ಕಂಡದ್ದೇನೆಂದರೆ, ಅವರ ಬಾಳನ್ನು ಹಾಳುಮಾಡುವುದು ಎಂಡೋಸ್ಕೋಪಿಯಲ್ಲಿ ಕಾಣುವ ಗುಳಿಯ ಅಳತೆಯಲ್ಲ. ನೋವು, ನಿದ್ದೆಗೇಡು, ಊಟದ ಬಗೆಗಿನ ಭಯ. ಗುಳಿ ಮುಚ್ಚಿದರೂ ಇವು ಉಳಿದರೆ ಅವರ ಅಂಕ ಏರುವುದಿಲ್ಲ.

ನಮ್ಮಂಥ ಊರಿನ ಚಿಕಿತ್ಸಾಲಯದಲ್ಲಿ 26 ಪ್ರಶ್ನೆ ಕೇಳಲು ಪುರುಸೊತ್ತಿಲ್ಲ, ಒಪ್ಪುತ್ತೇನೆ. ಸಂತೆಯ ದಿನ ನಾನು ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಕೊಟ್ಟರೆ ಹೆಚ್ಚು. “ಖಾರ ಕಮ್ಮಿ ಮಾಡಿ” ಎಂದು ತಲೆಯೆತ್ತದೆ ಬರೆದುಕೊಟ್ಟ ಚೀಟಿಗಳಲ್ಲಿ ನನ್ನವೂ ನೂರಾರು ಇವೆ. ಅವುಗಳಲ್ಲಿ ಎಷ್ಟು ಯಾವ ಮನೆಯ ಗೂಡಿನಲ್ಲಿ ಇನ್ನೂ ಶಾಸನವಾಗಿ ಕೂತಿವೆಯೋ ಎಂದು ಗೌಡರು ಬಂದುಹೋದ ಮೇಲೆ ಯೋಚನೆಯಾಗುತ್ತಿದೆ.

ಚಿಕಿತ್ಸೆಯಾದ ಮೇಲೂ ನಿಜವಾಗಿ ನೋವಿರುವವರ ವಿಷಯ ಬೇರೆ. ಅವರಿಗೆ ‘ನಿಮಗೇನಿಲ್ಲ, ಮನಸ್ಸಿನದು’ ಎನ್ನುವುದು ತಪ್ಪು. ಮೊದಲು ನೋಡಬೇಕಾದ್ದು ಪೈಲೋರಿ ನಿಜಕ್ಕೂ ಹೋಗಿದೆಯೇ ಎಂದು. ನಮ್ಮ ದೇಶದಲ್ಲಿ ವಯಸ್ಕರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ಜಠರದಲ್ಲಿ ಅದಿದೆ, ಮತ್ತು ಸಿಕ್ಕಸಿಕ್ಕ ಕಾಯಿಲೆಗೆ ಆಂಟಿಬಯೋಟಿಕ್ ನುಂಗಿ ನುಂಗಿ ಅದಕ್ಕೆ ಹಲವು ಔಷಧಿಗಳು ನಾಟದಂತಾಗಿವೆ. 14 ದಿನದ ಔಷಧಿಯನ್ನು ಬಾಯಿ ಕಹಿಯೆಂದು ಆರನೇ ದಿನ ನಿಲ್ಲಿಸಿದವರೂ ಬೇಕಾದಷ್ಟು. ಔಷಧಿ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ, ಆಮ್ಲದ ಮಾತ್ರೆಯನ್ನು ಎರಡು ವಾರ ನಿಲ್ಲಿಸಿ, ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಜಠರದ ಕ್ಯಾನ್ಸರಿಗೂ ಈ ಬ್ಯಾಕ್ಟೀರಿಯ ಕಾರಣವಾಗಬಲ್ಲದಾದ್ದರಿಂದ ಈ ಖಾತರಿ ಮುಖ್ಯ. ಇದನ್ನು ಹೇಳದೆ, ಕೇಳದೆ ಬಿಡುವುದೇ ಹೆಚ್ಚು. ಪೈಲೋರಿ ಹೋಗಿಯೂ ಉರಿ ಉಳಿದರೆ ಅದು ಅನ್ನನಾಳಕ್ಕೆ ಆಮ್ಲ ಮರಳುವ ತೊಂದರೆಯಿರಬಹುದು, ಪಿತ್ತಕೋಶದ ಕಲ್ಲಿರಬಹುದು, ಜಠರದ ಚಲನೆ ಮತ್ತು ಸಂವೇದನೆಯ ಏರುಪೇರಿರಬಹುದು. ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿಟ್ಟು ನಾವೂ ನೀವೂ ಕೈತೊಳೆದುಕೊಳ್ಳುತ್ತೇವೆ.

ಹೆಂಗಸರ ಪಾಡು ಇನ್ನೊಂದು ಬಗೆಯದು. ನಮ್ಮ ಬಸ್ ನಿಲ್ದಾಣದ ಬಳಿ ಹೂ ಮಾರುವ ಅಜ್ಜಿಯೊಬ್ಬರು ಮಂಡಿನೋವಿಗೆ ಔಷಧಿ ಅಂಗಡಿಯಿಂದ ದಿನಾ ಎರಡು ಮಾತ್ರೆ ತಂದು ನುಂಗುತ್ತಿದ್ದರು. ಒಂದು ದಿನ ಡಾಂಬರಿನಂತೆ ಕಪ್ಪು ಮಲ ಹೋಗಿ ತಲೆ ತಿರುಗಿ ಬಿದ್ದರು. ಹುಣ್ಣಿನಿಂದ ರಕ್ತಸ್ರಾವ. ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಟ್ಟು ಉಳಿಸಿದರು. ನೋವಿನ ಮಾತ್ರೆ ಮುಟ್ಟಬಾರದು ಎಂದು ಹೇಳಿ ಕಳಿಸಿದರು. ಸರಿಯೇ. ಆದರೆ ಮಂಡಿ? ಅದರ ಬಗ್ಗೆ ಒಂದು ಮಾತೂ ಇಲ್ಲ. ಹುಣ್ಣು ವಾಸಿಯಾದ ಅಜ್ಜಿ ನಡೆಯಲಾರದೆ ಹೂವಿನ ಬುಟ್ಟಿ ಬಿಟ್ಟು ಮನೆಯಲ್ಲಿ ಕೂತರು, ಸೊಸೆಯ ಕೈನೋಡುವಂತಾಯಿತು. ಮೂರು ತಿಂಗಳು ಕಳೆದು ಕದ್ದುಮುಚ್ಚಿ ಮತ್ತೆ ಅದೇ ಮಾತ್ರೆ ಶುರುಮಾಡಿದ್ದರು. ನಾನು ಬೈಯಲಿಲ್ಲ, ಬೈಸಿಕೊಳ್ಳಬೇಕಾದವರು ಅವರಲ್ಲ. ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಕೂರಲು ನೆಲದ ಬದಲು ಒಂದು ಎತ್ತರದ ಸ್ಟೂಲು, ಇವುಗಳಿಂದ ಅರ್ಧ ದಿನದ ವ್ಯಾಪಾರಕ್ಕೆ ಮರಳಿದ್ದಾರೆ. ತೀರ ಅನಿವಾರ್ಯವಾಗಿ ನೋವಿನ ಮಾತ್ರೆ ಬೇಕಾದವರಿಗೆ ಜಠರ ಕಾಯುವ ಮಾತ್ರೆಯ ಜೊತೆ, ವೈದ್ಯರ ನಿಗಾದಲ್ಲಿ ಕೊಡಬೇಕಾಗುತ್ತದೆ.

ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳ ಬಗ್ಗೆ ಓದುಗರು ಆಗಾಗ ಕೇಳುತ್ತಾರೆ. ಒಳ್ಳೆಯ ಔಷಧಿಗಳು, ಆದರೆ ಹುಣ್ಣು ಮಾಯ್ದು ಪೈಲೋರಿಯೂ ಹೋದ ಮೇಲೆ ಬಹುಪಾಲು ಮಂದಿಗೆ ವರ್ಷಗಟ್ಟಲೆ ಬೇಕಿಲ್ಲ. ಬಹುಕಾಲ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ‘ನೋಡಿ, ಮಾತ್ರೆಯಿಲ್ಲದೆ ಆಗುವುದಿಲ್ಲ’ ಎಂದು ಹೆದರಿ ಮತ್ತೆ ಹಿಡಿಯುವುದು ಇದರಿಂದಲೇ. ನಿಧಾನವಾಗಿ ಇಳಿಸಬೇಕು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು, ಹಿಂದೆ ರಕ್ತಸ್ರಾವವಾಗಿದ್ದವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು. ಅವರಿಗೆ ಅದು ಬೇಕು. ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ತಿಂದದ್ದು ಮರುದಿನ ವಾಂತಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ಪಥ್ಯದ ಯೋಚನೆ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಗೌಡರ ತೂಕ ಇಳಿದಿದ್ದರಿಂದ ಅವರಿಗೂ ಮತ್ತೊಮ್ಮೆ ಎಂಡೋಸ್ಕೋಪಿ ಮಾಡಿಸಿದೆ. ಹಳೆಯ ಕಲೆಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಹಿಮೋಗ್ಲೋಬಿನ್ 10ಕ್ಕೆ ಇಳಿದಿತ್ತು. ಮಾತ್ರೆ ನಿಲ್ಲಿಸಿದ ಎರಡು ವಾರ ಉರಿ ಬಂತು. ಬರುತ್ತದೆಂದು ಮೊದಲೇ ಹೇಳಿದ್ದರಿಂದ ಆಂಟಾಸಿಡ್ ದ್ರಾವಣ ಕುಡಿದು ತಡೆದುಕೊಂಡರು. ಮಲದ ಪರೀಕ್ಷೆಯಲ್ಲಿ ಪೈಲೋರಿ ಇರಲಿಲ್ಲ. ಅವರ ಹಳೆಯ ಚೀಟಿಯನ್ನು ಕೇಳಿ ತೆಗೆದುಕೊಂಡು ಅದರ ಮೇಲೆ ‘ಪಥ್ಯ ಇಂದಿಗೆ ಮುಗಿದಿದೆ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಟ್ಟೆ. ಬಾಯಲ್ಲಿ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ ಎಂದು ನನಗೆ ಅನಿಸಿತ್ತು.

ಮೊದಲ ದಿನ ಅರ್ಧ ಮುದ್ದೆ, ಬಸ್ಸಾರು ಉಂಡರಂತೆ. ನೋವು ಬಂದೀತೆಂದು ರಾತ್ರಿ ಎರಡು ಗಂಟೆಯವರೆಗೆ ಎದ್ದೇ ಕೂತಿದ್ದರಂತೆ. ಬರಲಿಲ್ಲ. ಮೊನ್ನೆ ಬಂದಾಗ ತೂಕ 51 ಕಿಲೋ ಆಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, “ಹುರುಳಿ ಸಾರು ಆಗಬಹುದಾ ಸಾರ್?” ಎಂದು ಕೇಳಿದರು. ಆಗಬಹುದು ಎಂದೆ. “ಬೀಡಿ?” ಎಂದು ಅವರ ಪತ್ನಿ ಕೇಳಿದರು. ಅದಕ್ಕೆ ಗೌಡರು ಆಗಲೇ ಮೆಟ್ಟಿಲಿಳಿದಾಗಿತ್ತು.